ಆಯಸ್ಕಾಂತಕ್ಕೆ ಅಂಟದ ಸೆಂಟು

ಬಾಗಿಲು ತಳ್ಳಿ ಒಳಗೆ ಬನ್ನಿ. ಇದು ಫಿಲಡೆಲ್ಫಿಯಾ, 1943ರ ಫೆಬ್ರವರಿ ತಿಂಗಳ ಕೊನೆ. ಸ್ಪ್ರಿಂಗ್ ಗಾರ್ಡನ್ ಬೀದಿಯ ಈ ದೊಡ್ಡ ಕಟ್ಟಡವೇ ಅಮೆರಿಕ ಸರ್ಕಾರದ ಟಂಕಸಾಲೆ. ಮೊಗಸಾಲೆಯ ಗೋಡೆಗಳ ಮೇಲೆ ಪ್ರಾಚೀನ ರೋಮಿನ ನಾಣ್ಯ ತಯಾರಿಕೆಯನ್ನು ತೋರಿಸುವ ಟಿಫನಿ ಸಂಸ್ಥೆಯ ಗಾಜಿನ ಚಿತ್ರಗಳಿವೆ. ಅವನ್ನು ನಿಂತು ನೋಡುವಂತಿಲ್ಲ, ಒಳಗಿನ ಸದ್ದು ಕರೆಯುತ್ತಿದೆ.

ಸಾಲಾಗಿ ನಿಂತ ಪ್ರೆಸ್ಸುಗಳು ಬಿಡುವಿಲ್ಲದೆ ಬಡಿಯುತ್ತಿವೆ. ನಿಮ್ಮ ಪಕ್ಕದಲ್ಲೇ ಒಂದು ದೊಡ್ಡ ಡಬ್ಬಿ ಉರುಳಿ ಬಂತು. ಅದರ ತುಂಬ ಅಚ್ಚು ಬೀಳದ ಖಾಲಿ ಬಿಲ್ಲೆಗಳು, 19 ಮಿಲಿಮೀಟರ್ ಅಗಲದವು. ಕಳೆದ ವರ್ಷದವರೆಗೆ ಈ ಡಬ್ಬಿಗಳಲ್ಲಿ ಇರುತ್ತಿದ್ದದ್ದು ಕೆಂಪಗೆ ಹೊಳೆಯುವ ಕಂಚಿನ ಬಿಲ್ಲೆ. ಈಗ ಬಂದಿರುವುದು ಬೂದು ಬಣ್ಣದ್ದು. ಒಳಗೆ ಉಕ್ಕು, ಹೊರಗೆ ಸತುವಿನ ತೆಳು ಲೇಪ. ತಾಮ್ರವೆಲ್ಲ ಗುಂಡು, ಶೆಲ್ಲು, ತಂತಿಗಳಿಗೆ ಬೇಕಾಗಿದೆ. ಒಂದು ಸೆಂಟಿನ ಚಿಲ್ಲರೆಗೆ ಅದನ್ನು ಸುರಿಯಲು ಯುದ್ಧಕಾಲದಲ್ಲಿ ಯಾರಿಗೂ ಮನಸ್ಸಿಲ್ಲ. ಗಾಜಿನಲ್ಲೂ ಪ್ಲಾಸ್ಟಿಕ್ಕಿನಲ್ಲೂ ಸೆಂಟು ಮಾಡಬಹುದೇ ಎಂದು 1942ರಲ್ಲಿ ಪ್ರಯೋಗ ನಡೆಸಿದರು. ಕೊನೆಗೆ ಉಕ್ಕೇ ಗೆದ್ದಿತು. ಡಿಸೆಂಬರಿನಲ್ಲಿ ಕಾಯ್ದೆಯೂ ಬಂತು.

ಈಗ ಆ ಡಬ್ಬಿಯ ಪಕ್ಕದ ಕಿಂಡಿಯನ್ನು ನೋಡಿ. ಬಿಲ್ಲೆಗಳು ಸುರಿಯುವುದು ಅಲ್ಲಿಂದಲೇ. ಅದರ ಸಂದಿಯಲ್ಲಿ ಕಳೆದ ವರ್ಷದ ಒಂದೆರಡು ಕಂಚಿನ ಬಿಲ್ಲೆಗಳು ಸಿಕ್ಕಿಕೊಂಡಿವೆ. ಡಬ್ಬಿ ಖಾಲಿ ಮಾಡಿದವರ ಕಣ್ಣಿಗೆ ಅವು ಬಿದ್ದಿಲ್ಲ. ಉಕ್ಕಿನ ಬಿಲ್ಲೆಗಳ ಒತ್ತಡಕ್ಕೆ ಒಂದು ಕಳಚಿಕೊಂಡು ಉಳಿದವುಗಳ ಜೊತೆ ಪ್ರೆಸ್ಸಿನೊಳಗೆ ಜಾರಿತು. ಅಚ್ಚು ಬಡಿಯಿತು. ಈ ಕಡೆ ಲಿಂಕನ್ ಮತ್ತು 1943, ಆ ಕಡೆ ಗೋಧಿಯ ಎರಡು ತೆನೆ. ಲಕ್ಷಾಂತರ ಬೂದು ಸೆಂಟುಗಳ ನಡುವೆ ಕೆಂಪನೆಯದೊಂದು ಚೀಲ ಸೇರಿ ಬ್ಯಾಂಕಿಗೆ ಹೊರಟಿತು. ಈ ಸೆಂಟು ಹುಟ್ಟಿದ್ದು ಹೀಗೆ ಎಂಬುದೇ ನಾಣ್ಯ ಬಲ್ಲವರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಡೆನ್ವರ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಟಂಕಸಾಲೆಗಳಲ್ಲೂ ಇಂಥದೇ ನಡೆಯಿತು.

ಬೀದಿಗೆ ಬನ್ನಿ. ಹೊಸ ಸೆಂಟು ಯಾರಿಗೂ ಇಷ್ಟವಾಗಿಲ್ಲ. ಕತ್ತಲಲ್ಲಿ ಹತ್ತು ಸೆಂಟಿನ ಡೈಮ್ ಎಂದುಕೊಂಡು ಜನ ಇದನ್ನು ಕೊಟ್ಟುಬಿಡುತ್ತಾರೆ. ನಕಲಿ ಬಿಲ್ಲೆ ಹಿಡಿಯಲು ಆಯಸ್ಕಾಂತ ಇಟ್ಟಿರುವ ಮಾರಾಟ ಯಂತ್ರಗಳು ಸರ್ಕಾರದ್ದೇ ನಾಣ್ಯವನ್ನು ನಕಲಿ ಎಂದು ತಡೆಯುತ್ತವೆ. ಕೆಲವು ತಿಂಗಳು ಚಲಾವಣೆಯಾದ ಒಂದನ್ನು ತೆಗೆದುಕೊಂಡು ಅಂಚನ್ನು ಬೆಳಕಿಗೆ ಹಿಡಿಯಿರಿ. ಮುಖ ಇನ್ನೂ ಬೂದು, ಅಂಚಿನ ಸುತ್ತ ಮಾತ್ರ ಕಂದು ತುಕ್ಕಿನ ಗೆರೆ. ಉಕ್ಕಿನ ಹಾಳೆಗೆ ಮೊದಲು ಸತುವು ಲೇಪಿಸಿ ಆಮೇಲೆ ಬಿಲ್ಲೆ ಕತ್ತರಿಸಿದ್ದರಿಂದ ಅಂಚು ಬರಿಮೈಯಲ್ಲೇ ಉಳಿಯಿತು. ಬೆವರಿದ ಕೈ ತಾಗಿದರೆ ಸಾಕು, ತುಕ್ಕು ಹಿಡಿಯುತ್ತದೆ. ಆ ಒಂದು ವರ್ಷದಲ್ಲಿ ಮೂರು ಟಂಕಸಾಲೆಗಳಿಂದ ಇಂಥವು ಸುಮಾರು 109 ಕೋಟಿ ಹೊರಬಂದವು. ಮುಂದಿನ ವರ್ಷವೇ ಸರ್ಕಾರ ತಾಮ್ರಕ್ಕೆ ಮರಳಿತು.

ಅದೇ 1943ರಲ್ಲಿ ನಮ್ಮ ಕಡೆಯೂ ಲೋಹಕ್ಕೆ ಬರ. ನಡುವೆ ದೊಡ್ಡ ತೂತಿನ ಒಂದು ಪೈಸೆ ಬಂದದ್ದು ಆಗಲೇ. ಅಜ್ಜಿಯರ ಪೆಟ್ಟಿಗೆಗಳಲ್ಲಿ ಇವತ್ತಿಗೂ ಸಿಗುವ ಆ ತೂತಿನ ಕಾಸು ಕೂಡ ಲೋಹ ಉಳಿಸುವ ಇದೇ ಲೆಕ್ಕಾಚಾರದ ಮಗು.

ಈಗ 1947ಕ್ಕೆ, ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಊರಿಗೆ. ಪ್ರೌಢಶಾಲೆಯ ಕ್ಯಾಂಟೀನು. ಹದಿನಾರರ ಹುಡುಗನೊಬ್ಬ ಊಟಕ್ಕೆ ದುಡ್ಡು ಕೊಟ್ಟು ಚಿಲ್ಲರೆ ಪಡೆಯುತ್ತಾನೆ. ನಾಣ್ಯ ಕೂಡಿಡುವ ಹುಡುಗ, ಬಂದ ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕುವವನಲ್ಲ. ಕೈಯಲ್ಲಿ ಕಂದು ಬಣ್ಣದ 1943. ಇಂಥದೊಂದನ್ನು ತಂದುಕೊಟ್ಟವರಿಗೆ ಹೆನ್ರಿ ಫೋರ್ಡ್ ಹೊಸ ಕಾರು ಕೊಡುತ್ತಾನೆ ಎಂಬ ಸುದ್ದಿ ಆಗ ಊರೆಲ್ಲ ಹಬ್ಬಿತ್ತು. ಹುಡುಗ ವಿಚಾರಿಸಿದ. ಕಾರಿನ ಮಾತು ಸುಳ್ಳು ಎಂದು ಫೋರ್ಡ್ ಕಂಪನಿ ಹೇಳಿತು. ಆ ವರ್ಷ ತಾಮ್ರದ ಸೆಂಟು ಟಂಕಿಸಿಯೇ ಇಲ್ಲ, ಎಲ್ಲವೂ ಸತುವು ಲೇಪಿಸಿದ ಉಕ್ಕಿನವು ಎಂದು ಸರ್ಕಾರದ ಉತ್ತರ ಬಂತು. ಆದರೆ ನಾಣ್ಯ ಅಂಗೈಯಲ್ಲೇ ಇದೆ! ಅವನು ಅದನ್ನು ಬದುಕಿನುದ್ದಕ್ಕೂ ಜೋಪಾನ ಮಾಡಿದ. 2018ರಲ್ಲಿ ಆತ ತೀರಿಕೊಂಡ ಮೇಲೆ, 2019ರ ಜನವರಿಯಲ್ಲಿ, ಅದು ಹರಾಜಿನಲ್ಲಿ 2,04,000 ಡಾಲರಿಗೆ ಹೋಯಿತು. ಆ ಹಣ ಅದೇ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಎಂದು ತೀರ್ಮಾನವಾಗಿತ್ತು. ಈ ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಸರ್ಕಾರ ಇಲ್ಲವೆಂದರೂ ತನ್ನ ಕಣ್ಣನ್ನು ನಂಬಿದ ಒಬ್ಬ ಹುಡುಗ, ಕೊನೆಗೆ ಅದನ್ನು ಊರಿಗೇ ಬಿಟ್ಟುಹೋದ.

ಇನ್ನು ಮೇಜಿನ ಮುಂದೆ ಕುಳಿತುಕೊಳ್ಳಿ. ನಿಮ್ಮ ಮುಂದೆ ಒಂದು ಮೆತ್ತನೆಯ ಬಟ್ಟೆ, ಪುಟ್ಟ ಆಯಸ್ಕಾಂತ, ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿ, ಒಂದು ಭೂತಗನ್ನಡಿ. ಬಟ್ಟೆಯ ಮೇಲೆ ಕಂದು ಬಣ್ಣದ ಸೆಂಟು, ಇಸವಿ 1943. ಎದೆ ಡವಗುಟ್ಟುವುದು ಸಹಜ. ಬೆರಳು ಮುಖಕ್ಕೆ ತಾಗದಂತೆ ಅಂಚು ಹಿಡಿದು ಎತ್ತಿ.

ಮೊದಲು ಆಯಸ್ಕಾಂತ. ಮೆಲ್ಲಗೆ ಹತ್ತಿರ ತನ್ನಿ. ಟಕ್ ಎಂದು ಹಾರಿ ಅಂಟಿಕೊಂಡಿತೇ? ಅಲ್ಲಿಗೆ ಮುಗಿಯಿತು. ಅದು ಮಾಮೂಲಿ ಉಕ್ಕಿನ ಸೆಂಟು, ಯಾರೋ ಮೇಲೆ ತಾಮ್ರ ಲೇಪಿಸಿದ್ದಾರೆ. ಹೀಗೆ ಮಾಡಿದವರೆಲ್ಲ ಮೋಸಗಾರರೇ ಅಲ್ಲ. ಆಟಿಕೆ, ನೆನಪಿನ ಕಾಣಿಕೆ ಎಂದೂ ಇವನ್ನು ಮಾಡಿ ಮಾರಿದ್ದಾರೆ. ಸಿಗುವ ಬಹುಪಾಲು ಕಂದು 1943ಗಳು ಈ ಒಂದೇ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ.

ಅಂಟಲಿಲ್ಲವೇ? ತಕ್ಕಡಿಗೆ ಹಾಕಿ. ಕಂಚಿನ ಸೆಂಟಿನ ತೂಕ 3.11 ಗ್ರಾಂ, ಉಕ್ಕಿನದು 2.7. ನಡುವಿನ ಅಂತರ ಬೆರಳಿಗೆ ತಿಳಿಯದು, ತಕ್ಕಡಿಗೆ ತಿಳಿಯುತ್ತದೆ. ಅಂಕಿ ಓಲಾಡಿ 3.1ರ ಹತ್ತಿರ ನಿಂತಿತು ಅನ್ನಿ. ಇನ್ನೂ ಯಾರಿಗೂ ಫೋನು ಮಾಡಬೇಡಿ, ಕಷ್ಟದ ಭಾಗ ಬರುವುದು ಈಗ.

ಭೂತಗನ್ನಡಿ ಎತ್ತಿಕೊಂಡು ಇಸವಿಯ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ಕೊನೆಯ 3 ಅಂಕಿಯನ್ನೇ ನೋಡಿ. ಅಸಲಿ 1943ರಲ್ಲಿ ಆ ಮೂರರ ಬಾಲ ಉದ್ದವಾಗಿದ್ದು, ಅಕ್ಕಪಕ್ಕದ ಅಂಕಿಗಳ ಗೆರೆಯನ್ನು ದಾಟಿ ಕೆಳಗಿಳಿಯುತ್ತದೆ. 1948ರ ಸೆಂಟನ್ನು ತೆಗೆದುಕೊಂಡು ಎಂಟರ ಎಡಭಾಗವನ್ನು ಕೆತ್ತಿ ಮೂರು ಮಾಡುವುದು ಹಳೆಯ ಕೈಚಳಕ. ಆದರೆ ಎಂಟಕ್ಕೆ ಆ ಉದ್ದದ ಬಾಲವಿಲ್ಲ, ಹಾಗಾಗಿ ಕೆತ್ತಿ ಮಾಡಿದ ಮೂರು ಸಾಲಿನಲ್ಲೇ ದುಂಡಗೆ ಕುಳಿತಿರುತ್ತದೆ. ಎಡಗಡೆ ಲೋಹ ಕೆರೆದ ಜಾಗದಲ್ಲಿ ಸೂಜಿಯಷ್ಟು ಸಣ್ಣ ಗೀರುಗಳೂ ಕಾಣಬಹುದು. ಅಲ್ಲಿಂದ ಅಂಚಿನತ್ತ ಹೊರಳಿ. ಉಕ್ಕು ಗಟ್ಟಿ ಲೋಹ, ಅದಕ್ಕಾಗಿ ಆ ವರ್ಷ ಪ್ರೆಸ್ಸಿನ ಒತ್ತಡ ಹೆಚ್ಚಿತ್ತು. ಅದೇ ಒತ್ತಡ ಮೆದು ಕಂಚಿನ ಮೇಲೆ ಬಿದ್ದಾಗ ಅಂಚಿನ ಬಳಿಯ ಅಕ್ಷರಗಳು ಬೇರೆ ವರ್ಷದ ಸೆಂಟುಗಳಿಗಿಂತ ಚೂಪಾಗಿ, ತುಂಬಿಕೊಂಡು ಮೂಡಿದವು. ಮಂಕಾದ, ಊದಿಕೊಂಡಂತಿರುವ ಅಕ್ಷರಗಳಿದ್ದರೆ ಅನುಮಾನಿಸಿ.

ಇಸವಿಯ ಕೆಳಗೆ ಡಿ ಅಕ್ಷರವಿದ್ದರೆ ಡೆನ್ವರ್, ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಮೂರೂ ಕಡೆಯವು ಸೇರಿ ಇದುವರೆಗೆ ಗೊತ್ತಾಗಿರುವ ಅಸಲಿ ಕಂಚಿನ 1943ಗಳು ಇಪ್ಪತ್ತರ ಆಸುಪಾಸಿನಲ್ಲಿವೆ. ಡೆನ್ವರಿನದು ಒಂದೇ ಒಂದು. ಅದು 2010ರಲ್ಲಿ 17 ಲಕ್ಷ ಡಾಲರಿಗೆ ಕೈ ಬದಲಾಯಿಸಿತು.

ಇದೇ ತಪ್ಪಿನ ತಲೆಕೆಳಗಾದ ರೂಪವೂ ಒಂದಿದೆ. 1944ರಲ್ಲಿ ತಾಮ್ರ ಮರಳಿ ಬಂತು, ಉಕ್ಕಿನ ಕೆಲವು ಬಿಲ್ಲೆಗಳು ಮಾತ್ರ ಹಿಂದೆ ಉಳಿದವು. ಅದೂ ಅಲ್ಲದೆ ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಬೆಲ್ಜಿಯಮ್ಮಿಗಾಗಿ ಎರಡು ಫ್ರಾಂಕಿನ ಎರಡೂವರೆ ಕೋಟಿ ನಾಣ್ಯಗಳನ್ನು ಮಿಕ್ಕಿದ್ದ ಉಕ್ಕಿನ ಬಿಲ್ಲೆಗಳಿಂದಲೇ ಟಂಕಿಸಿದರು. ಹಾಗಾಗಿ ಉಕ್ಕು ಇನ್ನೂ ಆ ಕಟ್ಟಡದಲ್ಲಿ ಓಡಾಡುತ್ತಿತ್ತು, ಒಂದಿಷ್ಟು ಸೆಂಟಿನ ಅಚ್ಚಿನಡಿಗೂ ಬಂತು. ಇಲ್ಲಿ ಪರೀಕ್ಷೆ ಉಲ್ಟಾ. ಬೂದು ಬಣ್ಣದ 1944 ಆಯಸ್ಕಾಂತಕ್ಕೆ ಅಂಟಲೇಬೇಕು. ಅಂಟದಿದ್ದರೆ ಅದು ಸತುವು ಬಳಿದ ಮಾಮೂಲಿ ಸೆಂಟು, ಅಷ್ಟೇ.

ಐದು ಸೆಂಟಿನ ನಿಕೆಲ್ಲಿನ ಮೇಲೂ ಒಂದು ಕಣ್ಣಿರಲಿ. 1942ರ ಕೊನೆಯ ಭಾಗದಿಂದ 1945ರವರೆಗೆ ಅದರಲ್ಲಿ ನಿಕೆಲ್ ಇರಲೇ ಇಲ್ಲ, ಶೇಕಡ 35 ಬೆಳ್ಳಿ ಇತ್ತು. ಹಿಂಬದಿಯ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಕಂಡರೆ ಅದೇ ಇದು.

ಮೂರೂ ಪರೀಕ್ಷೆ ದಾಟಿದ ಕಂದು 1943 ನಿಮ್ಮಲ್ಲಿದ್ದರೆ ಅದನ್ನು ಮನೆಯಲ್ಲೇ ಅಸಲಿ ಎಂದು ತೀರ್ಮಾನಿಸಬೇಡಿ. ಹೊಸ ಅಚ್ಚು ಮಾಡಿ ಸರಿಯಾದ ಕಂಚಿನಲ್ಲೇ ಹೊಡೆದ ನಕಲಿಗಳೂ ಇವೆ. ನಾಣ್ಯ ಪರೀಕ್ಷಿಸುವ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳ ತಜ್ಞರ ಪ್ರಮಾಣಪತ್ರವಿಲ್ಲದೆ ಇಂಥದ್ದನ್ನು ಕೊಳ್ಳಲೂ ಬೇಡಿ, ಮಾರಲೂ ಬೇಡಿ. ಲಕಲಕ ಹೊಳೆಯುವ ಉಕ್ಕಿನ 1943 ಕಂಡು ಮರುಳಾಗಬೇಡಿ, ಅಂಥ ಹಲವಕ್ಕೆ ಆಮೇಲೆ ಹೊಸದಾಗಿ ಸತುವು ಹಾಕಿದ್ದಾರೆ. ಮಾಮೂಲಿ ಉಕ್ಕಿನದಕ್ಕೆ ಹೆಚ್ಚು ಬೆಲೆಯಿಲ್ಲ. ಆದರೂ ಯುದ್ಧದ ಒಂದು ವರ್ಷವನ್ನು ಅಂಗೈಯಲ್ಲಿ ಹಿಡಿಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಚಲಾವಣೆಗೆಂದು ಸೆಂಟು ಟಂಕಿಸುವುದನ್ನು ಅಮೆರಿಕ 2025ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲೇ ನಿಲ್ಲಿಸಿತು. ಅಲ್ಲಿ ನೆಲೆಸಿರುವ ಕನ್ನಡಿಗರ ಅಡುಗೆಮನೆಗಳಲ್ಲೂ ಸೆಂಟು ತುಂಬಿದ ಜಾಡಿಗಳಿರುತ್ತವೆ. ಬ್ಯಾಂಕಿನ ಎಣಿಕೆ ಯಂತ್ರಕ್ಕೆ ಸುರಿಯುವ ಮುನ್ನ ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಗೋಧಿ ತೆನೆಯ ಹಳೆಯ ಸೆಂಟುಗಳನ್ನು ಬೇರೆ ಮಾಡಿ, ಇಸವಿ ಓದಿ, ಆಯಸ್ಕಾಂತ ಹಿಡಿಯಿರಿ. ಏನೇ ಸಿಕ್ಕರೂ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ತೊಳೆದು ಬೆಳಗಿದ ನಾಣ್ಯದ ಬೆಲೆ ಕುಸಿಯುತ್ತದೆ, ಹೋದ ಮೇಲ್ಮೈ ಮತ್ತೆ ಬರುವುದಿಲ್ಲ.