ಮೂವತ್ತು ತತ್ತಿಯ ಟ್ರೇ

ರೋಣದ ಬಸ್ ಸ್ಟ್ಯಾಂಡ್ ಹತ್ತಿರ ಮೊನ್ನೆ ಪಕ್ಕದ ಊರಿನ ಹೆಡ್‌ಮಾಸ್ತರರು ಸಿಕ್ಕರು. ಬೈಕಿನ ಹಿಂದೆ ಒಂದರ ಮೇಲೊಂದು ತತ್ತಿಯ ಟ್ರೇ, ಮೇಲೊಂದು ರಟ್ಟು, ಅಡ್ಡಡ್ಡ ಬಿಗಿದ ಸೈಕಲ್ ಟ್ಯೂಬು. ಎರಿ ಭೂಮಿ ಬಿರಿಯುವಾಗ ರಸ್ತೆಯನ್ನೂ ಜೊತೆಗೆ ಬಿರಿಸಿರುತ್ತದೆ. ಅವರು ಬಂದದ್ದು ಆ ರಸ್ತೆಯಲ್ಲೇ. “ಎಷ್ಟ್ ಒಡದಾವ್ರಿ ಸರ್?” ಎಂದೆ. “ಒಂದೂ ಇಲ್ರೀ. ಕೈ ಕುಂತೈತಿ” ಎಂದು ಗೇರ್ ಹಾಕಿ ಹೊರಟೇಬಿಟ್ಟರು.

ಶಾಲೆಯ ಮಾಳಿಗೆಯಿಂದ ತತ್ತಿಯನ್ನು ಒಡೆಯದಂತೆ ಕಟ್ಟಿ ಬೀಳಿಸುವ ಸ್ಪರ್ಧೆಗೆ ನಾನು ಆಗ ನಿಯಮ ಬರೆಯುತ್ತಿದ್ದೆ. ಆರು ಮೀಟರ್ ಎತ್ತರ. ಕೆಳಗೆ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್. ತತ್ತಿ ಒಡೆಯುವುದು ಬಿದ್ದದ್ದಕ್ಕಲ್ಲ, ಥಟ್ಟನೆ ನಿಂತದ್ದಕ್ಕೆ. ಒಂದು ಸೆಂಟಿಮೀಟರಿನಲ್ಲಿ ನಿಲ್ಲುವ ಬದಲು ಹತ್ತು ಸೆಂಟಿಮೀಟರ್ ಕುಸಿಯುತ್ತ ನಿಂತರೆ ಪೆಟ್ಟು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದರೆ ಹುಡುಗರು ಆಕಳಿಸುತ್ತಾರೆ.

ಬಿಸಿಯೂಟದ ಅಡುಗೆಯ ಅಕ್ಕ ಮಾತ್ರ ಸ್ಪರ್ಧೆಗೆ ಒಪ್ಪಲಿಲ್ಲ. “ತಿನ್ನೂ ತತ್ತಿ ಮ್ಯಾಲಿಂದ ಒಗಿತೀರೇನ್ರಿ ಸರ?” ಅವರ ಮಾತಿಗೆ ತೂಕವಿದೆ. 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳ ಸರ್ಕಾರಿ ಶಾಲೆಗೂ ತತ್ತಿ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ. ಎಷ್ಟು ವಾದ ಎದ್ದು ಅಡಗಿ ಬಂದ ತತ್ತಿ ಅದು! “ಚೀಲದಾಗ ಕಟ್ಟಿ ಬಿಡತೀವಿ ಯಕ್ಕಾ, ಒಡದದ್ದು ಪಲ್ಯಾಕ” ಎಂದ ಮೇಲೆಯೇ ನನಗೆ ಚಹಾ ಸಿಕ್ಕಿದ್ದು.

ಆದರೆ ನನ್ನ ತಲೆ ಆ ಟ್ರೇಯಲ್ಲೇ ಸಿಕ್ಕಿಕೊಂಡಿತ್ತು. ಅದರ ಹಿರಿಯಣ್ಣನನ್ನು ಮಾಡಿದವನು ಎಂಜಿನಿಯರ್ ಅಲ್ಲ, ಪತ್ರಿಕೆಯವನು. ಹೆಸರು ಜೋಸೆಫ್ ಕಾಯ್ಲ್. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಣ್ಣದೊಂದು ಪತ್ರಿಕೆ ನಡೆಸುತ್ತಿದ್ದ. ಅಲ್ಲಿಯ ರೈತನೊಬ್ಬ ಹೋಟೆಲಿಗೆ ಕಳಿಸಿದ ತತ್ತಿ ದಾರಿಯಲ್ಲೇ ಒಡೆಯುತ್ತಿದ್ದವು, ಇಬ್ಬರಿಗೂ ನಿತ್ಯ ಜಗಳ. ಅದನ್ನು ಕೇಳಿದ ಕಾಯ್ಲ್ ಸುದ್ದಿ ಮಾಡಿ ಸುಮ್ಮನಾಗಬಹುದಿತ್ತು. 1911ರ ಸುಮಾರಿಗೆ ಕಾಗದ ಮಡಚಿ, ಒಂದಕ್ಕೊಂದು ತಾಗದಂತೆ ಪ್ರತಿ ತತ್ತಿಗೂ ಬೇರೆ ಬೇರೆ ಗೂಡಿರುವ ಡಬ್ಬಿ ಮಾಡಿದ. ಪತ್ರಿಕೆಯ ಕಚೇರಿಯಿಂದ ಲೋಕಕ್ಕೆ ಇಷ್ಟು ಉಪಕಾರವಾದ ಇನ್ನೊಂದು ಪ್ರಸಂಗ ನನಗೆ ಹೊಳೆಯುತ್ತಿಲ್ಲ.

ಕಾಗದದಿಂದ ಜಗಳ ಬಿಡಿಸುವುದು ನಮ್ಮ ಸೀಮೆಗೂ ಹೊಸದಲ್ಲ. ಟಿಪ್ಪು 1785ರಲ್ಲಿ ನರಗುಂದವನ್ನು ಹಿಡಿದ. ಅದರ ಬೆನ್ನಿಗೆ ಮರಾಠರೊಡನೆ ಹತ್ತಿದ ಯುದ್ಧ ಮುಗಿದದ್ದು 1787ರಲ್ಲಿ, ಗಜೇಂದ್ರಗಡದ ಒಪ್ಪಂದದಿಂದ. ಮೂರು ವರ್ಷ ಕಳೆಯುವುದರಲ್ಲಿ ಮರಾಠರು ಇಂಗ್ಲಿಷರ ಕಡೆ ನಿಂತು ಮತ್ತೆ ಟಿಪ್ಪುವಿನ ಮೇಲೆ ಬಂದರು. ಕಾಯ್ಲ್‌ನ ಕಾಗದ ನೂರು ವರ್ಷ ದಾಟಿಯೂ ತಾಳಿದೆ. ಇತಿಹಾಸದ ಮೇಷ್ಟ್ರು ಈ ಹೋಲಿಕೆ ಕೇಳಿ ಮುಖ ಗಂಟಿಕ್ಕಿದರು. ಇರಲಿ.

ಕಾಯ್ಲ್‌ಗೆ ಬರಿ ಕಾಗದ ಸಾಕಾಗಿತ್ತು. ಹಾಗಾಗಿ ಸ್ಪರ್ಧೆಗೆ ನನ್ನ ಮೊದಲ ನಿಯಮ: ಅಂಗಡಿಯ ಥರ್ಮಾಕೋಲ್ ಬೇಡ. ಕಡಲೆ ಹೊಟ್ಟು, ಜೋಳದ ರವದಿ, ಬಿಡಿಸಿದ ಹತ್ತಿ, ಹಳೆ ಪತ್ರಿಕೆ ಇವಿಷ್ಟೇ. ನಮ್ಮ ಮುದುಕಿಯರು ತತ್ತಿಯನ್ನು ಜೋಳದಲ್ಲಿ ಹುಗಿದಿಡುತ್ತಿದ್ದರು, ಬಲು ಭದ್ರ. ಬೀಳಿಸಲು ಮಾತ್ರ ಜೋಳ ಸಲ್ಲದು. ಅದರ ಭಾರವೇ ತತ್ತಿಯನ್ನು ಜಜ್ಜುತ್ತದೆ. ಹೊಟ್ಟು ಹಗುರ, ಒತ್ತಿದರೆ ಕುಸಿಯುತ್ತದೆ, ಪುಕ್ಕಟೆ ಸಿಗುತ್ತದೆ. ಇದನ್ನು ಹುಡುಗರೇ ಕಂಡುಕೊಳ್ಳಲಿ ಎಂದು ನಾನು ಬಾಯಿ ಬಿಟ್ಟಿಲ್ಲ.

ತತ್ತಿಗೆ ಪ್ಯಾರಾಶೂಟ್ ಕಟ್ಟುವ ಬಗ್ಗೆ ಗಜೇಂದ್ರಗಡದ ಗೆಳೆಯರಿಗೊಂದು ಮಾತು. ನಿಮ್ಮ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಸ್ಪರ್ಧೆ ಇಟ್ಟರೆ ತತ್ತಿ ಹುಡುಕಲು ಪಕ್ಕದ ಊರಿಗೆ ಹೋಗಬೇಕಾದೀತು. ಸುಗ್ಗಿಯ ಹೊತ್ತಿಗೆ ಇಡಿ, ಹೊಟ್ಟೂ ಆಗಲೇ ಸಿಗುವುದು. ಇನ್ನು ಮಕ್ಕಳಿಗೆ: ಬಿಸಿಯೂಟದಲ್ಲಿ ಕೊಟ್ಟ ಬೇಯಿಸಿದ ತತ್ತಿಯನ್ನು ಕಟ್ಟಿ ತರಬೇಡಿ, ಇಳಿದ ಪ್ರತಿಯೊಂದನ್ನೂ ಒಡೆದು ನೋಡುವವರು ಅಡುಗೆಯ ಅಕ್ಕ.