ತಾಲ್ಲೂಕೆಂದರೆ ಸಂಬಂಧ

ಆಡಳಿತದ ಭಾಷೆಯಲ್ಲಿ ದಿನವೂ ಬಳಕೆಯಾಗುವ ಕೆಲವು ಶಬ್ದಗಳ ಮೂಲಾರ್ಥವನ್ನು ಜನರು ಮರೆತು ಬಹುಕಾಲವಾಯಿತು. ‘ಜಿಲ್ಲೆ’ ಎಂಬುದು ಅರಬ್ಬಿಯಿಂದ ಬಂದ ಶಬ್ದ. ಪಕ್ಕೆ ಅಥವಾ ಪಾರ್ಶ್ವವೆಂಬುದು ಅದರ ಮೂಲಾರ್ಥ. ‘ಕಸಬೆ’ ಎಂದರೆ ಸುತ್ತಣ ಹಳ್ಳಿಗಳಿಗೆ ಪ್ರಧಾನವಾದ ಪಟ್ಟಣ. ‘ತಾಲ್ಲೂಕು’ ಎಂಬುದೂ ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ದಾರಿಯಾಗಿ ಕನ್ನಡಕ್ಕೆ ಬಂದುದು. ಅದರ ಅರ್ಥ ‘ಸಂಬಂಧ’. ಗಡಿ, ಗೆರೆ, ತುಂಡು ಎಂಬ ಭಾವ ಆ ಶಬ್ದದಲ್ಲಿ ಇಲ್ಲ. ಒಂದು ಊರಿಗೂ ಒಂದು ಕಚೇರಿಗೂ ಇರುವ ನಂಟೇ ತಾಲ್ಲೂಕು. ಈ ಅರ್ಥವನ್ನು ಕೈದೀವಿಗೆಯಾಗಿ ಹಿಡಿದು ನೋಡಿದರೆ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ಸೀಮೆಗಳ ಕಥೆ ಹೊಸ ಬೆಳಕಿನಲ್ಲಿ ಕಾಣುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಇವೇ ಆ ನಾಲ್ಕು. ಕಂದಾಯಾಡಳಿತದಲ್ಲಿ ಇವೆಲ್ಲ ಒಂದೇ ಉಪವಿಭಾಗಕ್ಕೆ ಸೇರಿದವು. ಉಪವಿಭಾಗಾಧಿಕಾರಿಯ ಕಚೇರಿ ಹುಣಸೂರಿನಲ್ಲಿದೆ. ಒಂದೇ ಕಚೇರಿಯ ಅಧೀನದಲ್ಲಿದ್ದರೂ ಇವುಗಳ ನೀರು ಬೇರೆ, ನೆಲ ಬೇರೆ. ಕೃಷ್ಣರಾಜನಗರ ಕಾವೇರಿಯ ನಾಲೆಗಳಿಂದ ಭತ್ತದ ಕಣಜವೆನಿಸಿದೆ. ಹುಣಸೂರಿಗೆ ಲಕ್ಷ್ಮಣತೀರ್ಥವೇ ಜೀವನದಿ. ಪಿರಿಯಾಪಟ್ಟಣ ಕೊಡಗಿನ ಬಾಗಿಲು. ಹುಣಸೂರಿನಂತೆಯೇ ಅಲ್ಲಿಯೂ ಹೊಗೆಸೊಪ್ಪು ರೈತನ ಮುಖ್ಯ ಹಣದ ಬೆಳೆ. ಕೋಟೆಯ ಸೀಮೆ ಕಬಿನಿಯದು, ಕಾಡಿನದು. ಅದರ ದಕ್ಷಿಣದಂಚು ಕೇರಳದ ವಯನಾಡನ್ನು ಮುಟ್ಟುತ್ತದೆ.

ತಾಲ್ಲೂಕೆಂಬ ಶಬ್ದ ಬರುವುದಕ್ಕೆ ಎಷ್ಟೋ ಮುನ್ನವೇ ಈ ನೆಲದಲ್ಲಿ ‘ನಾಡು’ಗಳಿದ್ದುವು. ಗಂಗರ ಕಾಲದ ಶಾಸನಗಳಲ್ಲಿ ಗಂಗವಾಡಿಯನ್ನು ತೊಂಬತ್ತಾರು ಸಾಸಿರವೆಂದು ಎಣಿಸಿರುವುದು ಕನ್ನಡ ಓದಿದವರಿಗೆ ವಿದಿತವೇ ಆಗಿದೆ. ಕಬಿನಿಯ ದಂಡೆಯ ಪ್ರದೇಶ ಪುನ್ನಾಡೆಂಬ ಪ್ರಾಚೀನ ರಾಜ್ಯವಾಗಿತ್ತು. ಅದರ ರಾಜಧಾನಿ ಕೀರ್ತಿಪುರವನ್ನು ವಿದ್ವಾಂಸರು ಕೋಟೆಯ ಸೀಮೆಯ ಕಿತ್ತೂರೆಂದು ಗುರುತಿಸಿದ್ದಾರೆ. ಪಿರಿಯಾಪಟ್ಟಣ, ಬೆಟ್ಟದಪುರಗಳ ಕಡೆ ಚಂಗಾಳ್ವರು ಆಳಿದರು. ಪಿರಿಯರಾಜನೆಂಬ ಅರಸನಿಂದ ಪಟ್ಟಣಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. 1644ರ ಸುಮಾರಿನಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಅದು ಮೈಸೂರಿನ ವಶವಾಯಿತು. ಆ ಕಾಳಗ ಜನಪದರ ಹಾಡಿನಲ್ಲಿ ಇಂದಿಗೂ ಉಳಿದಿದೆ.

ಇಂಥ ಹಿರಿಮೆಯ ಪಟ್ಟಣವೂ ಕಚೇರಿಯೊಂದು ಎದ್ದುಹೋದುದರಿಂದ ಕಳೆಗುಂದಿತೆಂಬುದು ಚರಿತ್ರೆಯ ಒಂದು ಪಾಠ. 19ನೆಯ ಶತಮಾನದಲ್ಲಿ ತಾಲ್ಲೂಕಿನ ಕೇಂದ್ರಸ್ಥಾನವನ್ನು ಪಿರಿಯಾಪಟ್ಟಣದಿಂದ ಹುಣಸೂರಿಗೆ ವರ್ಗಾಯಿಸಿದರು. ಹುಣಸೂರು ಆಗ ಅಮೃತಮಹಲ್ ದನಗಳಿಂದಲೂ, ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳಿಂದಲೂ, ಕಾಫಿ ಹಸನು ಮಾಡುವ ಉದ್ಯಮದಿಂದಲೂ ಬೆಳೆಯುತ್ತಿದ್ದ ಊರು. ಅರಸರ ರಾಜಧಾನಿಯಾಗಿದ್ದ ಊರು ನಿನ್ನೆ ಮೊನ್ನೆ ಬೆಳೆದ ಊರಿನ ಹೆಸರಿನ ತಾಲ್ಲೂಕಿನೊಳಗೆ ಒಂದು ಗ್ರಾಮವಾಗಿ ಎಣಿಕೆಯಾಯಿತು. ಕಚೇರಿ ಹೋದೊಡನೆ ವಕೀಲರು ಹೋದರು, ಬರಹಗಾರರು ಹೋದರು, ಅವರ ಬೆನ್ನಿಗೆ ಅಂಗಡಿಗಳೂ ಹೋದವು. ಊರು ಕ್ಷೀಣಿಸಿತೆಂದು ಆ ಕಾಲದ ಗ್ಯಾಸೆಟಿಯರ್ ಬರೆದಿದೆ. ಪಿರಿಯಾಪಟ್ಟಣ ಮರಳಿ ತನ್ನದೇ ತಾಲ್ಲೂಕಾಗಲು ಬಹಳ ಕಾಲ ಹಿಡಿಯಿತು.

ಕೃಷ್ಣರಾಜನಗರದ ವೃತ್ತಾಂತ ಇದಕ್ಕಿಂತ ಭಿನ್ನ. ಆ ತಾಲ್ಲೂಕಿನ ಹಳೆಯ ಹೆಸರು ಎಡತೊರೆ. ಅರ್ಕೇಶ್ವರ ಸನ್ನಿಧಿಯ ಆ ಊರು ಕಾವೇರಿಯ ಮಗ್ಗುಲಲ್ಲಿಯೇ ಇತ್ತು. 1924ರಲ್ಲಿ ಕಾವೇರಿಗೆ ಬಂದ ಮಹಾಪ್ರವಾಹ ಎಡತೊರೆಯನ್ನು ಹಾಳುಗೆಡವಿತು. ತರುವಾಯ ಎತ್ತರದ ನೆಲದಲ್ಲಿ ನೇರವಾದ ಅಗಲ ಬೀದಿಗಳ ಹೊಸ ಪಟ್ಟಣವನ್ನು ಕಟ್ಟಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅಲ್ಲಿ ಊರನ್ನು ಬಿಟ್ಟು ಕಚೇರಿ ಹೋಯಿತು; ಇಲ್ಲಿ ಜನರೊಡನೆಯೇ ಕಚೇರಿಯೂ ಎತ್ತರಕ್ಕೆ ಏರಿತು. ಎರಡು ಪಟ್ಟಣಗಳ ಹಣೆಬರಹದಲ್ಲಿನ ವ್ಯತ್ಯಾಸಕ್ಕೆ ಇದೂ ಒಂದು ಕಾರಣವಾಗಿರಬಹುದು.

ಕಚೇರಿಗೂ ಊರಿಗೂ ನಡುವಣ ಮೆಟ್ಟಿಲುಗಳನ್ನೂ ಇಲ್ಲಿ ಸ್ಮರಿಸಬೇಕು. ಹಿಂದಿನ ಮೈಸೂರಿನಲ್ಲಿ ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ, ಗ್ರಾಮಕ್ಕೆ ಪಟೇಲ ಮತ್ತು ಶಾನುಭೋಗ ಇದ್ದರು. ಪಟೇಲಿಕೆ, ಶಾನುಭೋಗಿಕೆಗಳು ವಂಶಪಾರಂಪರ್ಯವಾಗಿ ಬಂದ ಹುದ್ದೆಗಳು. 1961ರ ಕಾನೂನು ಅವುಗಳನ್ನು ರದ್ದುಗೊಳಿಸಿತು. 1963ರಿಂದ ಅದು ಜಾರಿಗೆ ಬಂದಿತು. ಶಾನುಭೋಗರ ಕಟ್ಟುಗಳಲ್ಲಿದ್ದ ಲೆಕ್ಕ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನ ಕೈಸೇರಿತು. ಅಮಲ್ದಾರರ ಸ್ಥಾನದಲ್ಲಿ ತಹಸೀಲ್ದಾರರು ಕುಳಿತರು. ಹೋಬಳಿಯಲ್ಲಿ ನಾಡಕಚೇರಿ ಬಂದಿತು. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರವನ್ನು ಸೇರಿತು.

ಹೋಬಳಿಗಳ ಹೆಸರು ಹೇಳಿದರೆ ಈ ಸೀಮೆಯ ರೂಪುರೇಖೆ ಕಣ್ಣಿಗೆ ಕಟ್ಟುತ್ತದೆ. ಹುಣಸೂರಿಗೆ ಕಸಬೆಯಲ್ಲದೆ ಬಿಳಿಕೆರೆ, ಗಾವಡಗೆರೆ, ಹನಗೋಡು. ಪಿರಿಯಾಪಟ್ಟಣಕ್ಕೆ ಬೆಟ್ಟದಪುರ, ರಾವಂದೂರು, ಹಾರನಹಳ್ಳಿ. ಕೃಷ್ಣರಾಜನಗರದ ಸೀಮೆಯಲ್ಲಿ ಹೆಬ್ಬಾಳು, ಹೊಸ ಅಗ್ರಹಾರ, ಚುಂಚನಕಟ್ಟೆ, ಮಿರ್ಲೆ, ಸಾಲಿಗ್ರಾಮ. ಕೋಟೆಯ ಸೀಮೆಯಲ್ಲಿ ಅಂತರಸಂತೆ, ಹಂಪಾಪುರ, ಕಂದಲಿಕೆ, ಸರಗೂರು. ಕೆರೆ, ಕಟ್ಟೆ, ಬೆಟ್ಟ, ಸಂತೆ, ಅಗ್ರಹಾರಗಳು ಹೆಸರುಗಳಲ್ಲಿಯೇ ಅಡಗಿವೆ. ಜನರು ಎಲ್ಲಿ ನೀರು ಕಂಡರೋ ಎಲ್ಲಿ ಕೊಡುಕೊಳ್ಳುವುದಕ್ಕೆ ಕೂಡಿದರೋ ಅಲ್ಲಿಯೇ ಹೋಬಳಿಯೂ ನೆಲೆಗೊಂಡಿದೆ.

ಪಟ್ಟಣಗಳ ವಿಷಯದಲ್ಲಿ ಕಾನೂನು ಜನಸಂಖ್ಯೆಯ ಅಳತೆಗೋಲನ್ನು ಹಿಡಿಯುತ್ತದೆ. 1964ರ ಪುರಸಭೆಗಳ ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರದವರೆಗೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರದವರೆಗೆ ಪುರಸಭೆ, ಅದಕ್ಕೆ ಮೇಲ್ಪಟ್ಟು 3 ಲಕ್ಷದವರೆಗೆ ನಗರಸಭೆ. 2011ರ ಜನಗಣತಿಯಲ್ಲಿ 50 ಸಾವಿರವನ್ನು ದಾಟಿದ ಹುಣಸೂರು ಇಂದು ನಗರಸಭೆ. ಉಳಿದ ಮೂರು ಹಳೆಯ ತಾಲ್ಲೂಕು ಕೇಂದ್ರಗಳು ಪುರಸಭೆಗಳು. ಸರಗೂರು ಪಟ್ಟಣ ಪಂಚಾಯಿತಿ. ಹಳ್ಳಿಗಳಿಗೆ 1983ರ ಕಾನೂನಿನಿಂದ ಮಂಡಲ ಪಂಚಾಯಿತಿಗಳು ಬಂದಿದ್ದುವು. 1993ರ ಕಾನೂನು ಅವುಗಳ ಸ್ಥಳದಲ್ಲಿ, 5ರಿಂದ 7 ಸಾವಿರ ಜನರಿಗೆ ಒಂದರಂತೆ, ಇನ್ನೂ ಚಿಕ್ಕದಾದ ಗ್ರಾಮಪಂಚಾಯಿತಿಗಳನ್ನು ತಂದಿತು.

ಮತದಾನದ ಭೂಪಟದಲ್ಲಿ ಮಾತ್ರ ಒಂದು ವೈಚಿತ್ರ್ಯವಿದೆ. ಕಂದಾಯದಲ್ಲಿ ಒಂದಾಗಿರುವ ಈ ಸೀಮೆಗಳು ಲೋಕಸಭೆಗೆ ಮೂರು ದಿಕ್ಕಿಗೆ ಹಂಚಿಹೋಗಿವೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಂತೆ ಹುಣಸೂರು, ಪಿರಿಯಾಪಟ್ಟಣಗಳು ಮೈಸೂರಿಗೆ, ಕೃಷ್ಣರಾಜನಗರ ಮಂಡ್ಯಕ್ಕೆ, ಕೋಟೆ ಚಾಮರಾಜನಗರಕ್ಕೆ ಸೇರಿವೆ. ಕಂದಾಯ ಕಟ್ಟುವುದು ಒಂದು ಕಡೆ, ಪ್ರತಿನಿಧಿಯನ್ನು ಆರಿಸುವುದು ಮತ್ತೊಂದು ಕಡೆ ಎಂಬಂತಾಗಿದೆ.

ಇಷ್ಟೆಲ್ಲ ವಿಂಗಡಣೆಯ ಒಳಿತು ಕೆಡುಕುಗಳನ್ನು ಅಳೆಯುವ ಬಗೆ ಹೇಗೆ? ಕೋಟೆಯ ಸೀಮೆಯ ಕಾಡಂಚಿನ ಹಳ್ಳಿಯಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬಳನ್ನು ಭಾವಿಸಿಕೊಳ್ಳಬೇಕು. ಎರಡೆಕರೆ ಹೊಲಕ್ಕೆ ಪೌತಿ ಖಾತೆ ಆಗಬೇಕು. ಅರ್ಜಿ ನಾಡಕಚೇರಿಯಲ್ಲಿ, ದಾಯಾದಿಗಳು ತಕರಾರು ಹೂಡಿದರೆ ವಿಚಾರಣೆ ತಾಲ್ಲೂಕು ಕಚೇರಿಯಲ್ಲಿ, ಅಲ್ಲಿನ ತೀರ್ಮಾನ ಸಮ್ಮತವಾಗದಿದ್ದರೆ ಮೇಲ್ಮನವಿ ಹುಣಸೂರಿನ ಉಪವಿಭಾಗಾಧಿಕಾರಿಗಳ ಮುಂದೆ, ಅದಕ್ಕೂ ಮೇಲೆ ಮೈಸೂರು. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ತಪ್ಪುತ್ತದೆ. ಬಸ್ಸಿನ ಖರ್ಚು ಬೇರೆ. ಮನೆಯಲ್ಲಿ ಹಸು ಹಾಲು ಕರೆಯುವವರಿಲ್ಲದೆ ಅಂಬಾ ಎನ್ನುತ್ತಿರುತ್ತದೆ. ಅವಳ ಪಾಲಿಗೆ ರಾಜ್ಯವೆಂದರೆ ಆ ದಾರಿಯ ಉದ್ದ.

ಆ ದಾರಿಯನ್ನು ಕಿರಿದು ಮಾಡಬೇಕೆಂಬುದೇ ಹೊಸ ತಾಲ್ಲೂಕುಗಳ ಬೇಡಿಕೆಯ ತಿರುಳು. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ 49 ತಾಲ್ಲೂಕುಗಳಲ್ಲಿ ಸರಗೂರು ಒಂದು. ಆಮೇಲೆ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಬೇರೆಯಾಯಿತು. 1939ರಲ್ಲಿ ಮಂಡ್ಯವನ್ನೂ 1997ರಲ್ಲಿ ಚಾಮರಾಜನಗರವನ್ನೂ ಬಿಟ್ಟುಕೊಟ್ಟು ಚಿಕ್ಕದಾದ ಮೈಸೂರು ಜಿಲ್ಲೆಯಲ್ಲಿ ಹೀಗೆ ತಾಲ್ಲೂಕುಗಳ ಸಂಖ್ಯೆ ಮಾತ್ರ 9ಕ್ಕೆ ಏರಿತು. ಹುಣಸೂರನ್ನು ಕೇಂದ್ರವಾಗಿಸಿ, ಅದೇ ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರ ಹೆಸರಿನಲ್ಲಿ ಒಂದು ಜಿಲ್ಲೆಯೇ ಆಗಲೆಂಬ ಮಾತೂ 2019ರಲ್ಲಿ ಕೇಳಿಬಂದಿತು.

ಬೇರೆ ದೇಶಗಳಲ್ಲಿ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದವರೂ ಉಂಟು. ಪಶ್ಚಿಮ ಜರ್ಮನಿಯಲ್ಲಿ 1960ರ ದಶಕದ ಕೊನೆಯಿಂದ ಸುಮಾರು 10 ವರ್ಷಗಳೊಳಗೆ, 24 ಸಾವಿರಕ್ಕೂ ಮಿಕ್ಕಿದ್ದ ಊರಾಡಳಿತಗಳನ್ನು ಒಂದರೊಡನೊಂದು ಕೂಡಿಸಿ 8,500ರ ಆಸುಪಾಸಿಗೆ ಇಳಿಸಿದರು. ಚಿಕ್ಕ ಊರಿಗೆ ದೊಡ್ಡ ಕೆಲಸ ಮಾಡುವ ಶಕ್ತಿಯಿಲ್ಲವೆಂಬುದು ಅವರ ವಾದ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಫಲಕವನ್ನು ಮಾತ್ರ ಬದಲಿಸಿ, ನೌಕರರನ್ನೂ ದಾಖಲೆಗಳನ್ನೂ ಕಟ್ಟಡವನ್ನೂ ಕೊಡದ ಹೊಸ ತಾಲ್ಲೂಕು ಬಡವನಿಗೆ ಎರಡು ಬಾಗಿಲುಗಳನ್ನು ತೋರಿಸಿ ಎರಡನ್ನೂ ಮುಚ್ಚಿದಂತೆ. ಕೂಡಿಸುವುದಾಗಲಿ ಒಡೆಯುವುದಾಗಲಿ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ವಿಂಗಡಣೆಯ ಕಠಿಣ ಪರೀಕ್ಷೆ ಕಾಡಿನೊಳಗಿದೆ. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅನೇಕ ಗ್ರಾಮಗಳು ಮುಳುಗಿದುವು. ಪುನ್ನಾಡಿನ ಕಿತ್ತೂರೂ ಆ ನೀರಿನ ಪಾಲಾಯಿತು. ಊರು ಮುಳುಗಿದರೂ ದಾಖಲೆಯಲ್ಲಿ ಅದರ ಹೆಸರಿತ್ತು. ಆ ಹೆಸರು ಹಿಡಿದು ಪರಿಹಾರ ಕೇಳಲು ಸಾಧ್ಯವಿತ್ತು. ಆದರೆ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಅರಣ್ಯದಂಚಿನಲ್ಲಿಯೂ ಒಳಗೂ ಬಾಳಿಬಂದ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳಲ್ಲಿ ಅನೇಕವು ಕಂದಾಯ ಗ್ರಾಮಗಳ ಪಟ್ಟಿಯಲ್ಲಿ ಇರಲೇ ಇಲ್ಲ. 1988ರಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು; ಕಾಡಿನ ಗಡಿಯನ್ನು ಅಳೆದರು. ಹಾಡಿಯ ಗಡಿಯನ್ನು ಅಳೆಯುವವರು ಬರಲಿಲ್ಲ. ಸರ್ವೆ ನಂಬರಿಲ್ಲದ ನೆಲಕ್ಕೆ ಪಹಣಿ ಇಲ್ಲ. ಪಹಣಿ ಇಲ್ಲದವನಿಗೆ ಬ್ಯಾಂಕಿನ ಸಾಲವಿಲ್ಲ. ತಲೆಮಾರುಗಳಿಂದ ಇದ್ದ ಜಾಗದಲ್ಲಿಯೇ ಅವನು ಒತ್ತುವರಿದಾರನೆನಿಸಿಕೊಂಡ. 2006ರ ಅರಣ್ಯ ಹಕ್ಕು ಕಾಯಿದೆ ಇಂಥ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸುವ ಹಕ್ಕನ್ನು ಮಾನ್ಯಮಾಡಿತು. ಅಕ್ಷರದಲ್ಲಿ ದೊರೆತ ಆ ಹಕ್ಕು ಪ್ರತಿಯೊಂದು ಹಾಡಿಯಲ್ಲಿಯೂ ಗಡಿಕಲ್ಲಾಗಿ ನಿಲ್ಲಬೇಕಾದ ಕೆಲಸ ಇನ್ನೂ ಮುಗಿದಿಲ್ಲ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಗ್ರಾಮ, ಹೋಬಳಿ, ತಾಲ್ಲೂಕು ಎಂಬ ಅಂಕಣಗಳಿರುತ್ತವೆ. ಮಿರ್ಲೆಯ ಮಗುವಾಗಲಿ ಬಿಳಿಕೆರೆಯ ಮಗುವಾಗಲಿ ಅವನ್ನು ಸರಸರನೆ ಹೇಳಿಬಿಡುತ್ತದೆ. ಹಾಡಿಯಿಂದ ಬಂದ ಮಗು ಮೊದಲ ಅಂಕಣದಲ್ಲಿಯೇ ತಡೆದು ನಿಲ್ಲುತ್ತದೆ. ಗುಮಾಸ್ತರು ಹತ್ತಿರದ ಯಾವುದಾದರೊಂದು ಊರಿನ ಹೆಸರನ್ನು ಬರೆದುಕೊಳ್ಳುತ್ತಾರೆ. ಆ ಮಗು ತನ್ನ ಹಾಡಿಯ ಹೆಸರನ್ನೇ ಹೇಳಿ, ಅದನ್ನೇ ಬರೆಸುವ ದಿನ ಬಂದಾಗ ತಾಲ್ಲೂಕೆಂಬ ಶಬ್ದ ಈ ಸೀಮೆಯಲ್ಲಿ ತನ್ನ ಅರ್ಥವನ್ನು ಪೂರ್ಣವಾಗಿ ಪಡೆದೀತು.