ಬಿದಿರು ಸೈಕಲ್ಲು, ಮೇದಾರ ಅಜ್ಜ

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಸೈಕಲ್ ತುಳಿದುಕೊಂಡು ಘಟ್ಟ ಹತ್ತಿದವರಿಗೆ ನಮ್ಮ ದಣಪೆ ಕಾಣುವ ಹೊತ್ತಿಗೆ ಕಾಲಿನ ಕಸುವೆಲ್ಲ ಮುಗಿದಿರುತ್ತದೆ. ದೇಶ ಸುತ್ತುವ ಇಂಥವರಿಗೆ ಒಂದು ರಾತ್ರಿ ಪುಕ್ಕಟೆ ಜಾಗ ಕೊಡುವವರದೊಂದು ಜಾಲವಿದೆ, ವಾರ್ಮ್ ಶವರ್ಸ್ ಅಂತ, 1993ರಲ್ಲಿ ಶುರುವಾದದ್ದು. ಬೆಂಗಳೂರಿನಲ್ಲಿರುವ ಮಗ ನಮ್ಮ ಹೆಸರನ್ನೂ ಅದಕ್ಕೆ ಸೇರಿಸಿದ. ಆ ಹೆಸರಿನ ಅರ್ಥ ಬಿಸಿನೀರ ಸ್ನಾನ ಎಂದು ತಿಳಿದ ಮೇಲೆ ನಮ್ಮವರಿಗೆ ಎಲ್ಲಿಲ್ಲದ ಜಂಬ. ಅಡಿಕೆ ಸಿಪ್ಪೆಯ ಬೆಂಕಿಯಲ್ಲಿ ಕಾದ ಹಂಡೆ ನೀರಿನ ಮುಂದೆ ಯಾವ ದೇಶದ ಶವರ್ ನಿಂತೀತು?

ಬಂದವರಿಗೆ ಬೇಕಾದದ್ದು ಸ್ನಾನ, ರಾಶಿ ಅನ್ನ, ನಿದ್ದೆ. ತಂಬುಳಿಯನ್ನು ಸೂಪು ಎಂದುಕೊಂಡು ಬಟ್ಟಲು ಬಟ್ಟಲು ಕುಡಿದವರಿದ್ದಾರೆ. ಅವರ ಸೈಕಲ್ಲುಗಳು ಮಾತ್ರ ನನ್ನ ಕಣ್ಣಿಗೆ ಎಲ್ಲವೂ ಒಂದೇ. ಹೋದ ಫೆಬ್ರವರಿಯಲ್ಲಿ ಜರ್ಮನಿಯ ಗಂಡಹೆಂಡತಿ ಬಂದು ಅಂಗಳದಲ್ಲಿ ಸೈಕಲ್ ಒರಗಿಸುವವರೆಗೆ ಹಾಗೇ ಇತ್ತು. ಅವಳ ಸೈಕಲ್ಲಿನ ಮೈಯೆಲ್ಲ ಬಿದಿರು! ಗೆಣ್ಣುಗಳೂ ಹಾಗೇ ಇದ್ದವು. ಕೊಳವೆಗಳು ಕೂಡುವಲ್ಲಿ ಕಂದು ಬಣ್ಣದ ದಪ್ಪ ಸುತ್ತು, ಮುರಿದ ಕೈಗೆ ಕಟ್ಟು ಹಾಕಿದ ಹಾಗೆ. ಬರ್ಲಿನ್ನಿನ ಒಂದು ಕಮ್ಮಟದಲ್ಲಿ ತಾನೇ ಕಟ್ಟಿದ್ದಂತೆ. ಬಿದಿರಿನ ತುದಿಯನ್ನು ಮೀನಿನ ಬಾಯಿಯ ಹಾಗೆ ಕೊರೆದು ಒಂದಕ್ಕೊಂದು ಕೂರಿಸಿ, ಸೆಣಬಿನ ನಾರನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿ, ಒಣಗಿದ ಮೇಲೆ ಉಜ್ಜಿ ನಯ ಮಾಡುವುದು. ಹ್ಯಾಂಡಲ್ ಕೂರುವಲ್ಲಿ, ಪೆಡಲ್ಲಿನ ಅಚ್ಚು ತಿರುಗುವಲ್ಲಿ, ಚಕ್ರ ಸಿಗಿಸುವಲ್ಲಿ ಮಾತ್ರ ಲೋಹ. ರಸ್ತೆಯ ಕುಲುಕನ್ನು ಬಿದಿರು ತಾನೇ ನುಂಗುವುದರಿಂದ ಕೈ ಜೋಮು ಹಿಡಿಯುವುದಿಲ್ಲ ಎಂದಳು.

ಇದೇನು ಹೊಸ ಹುಚ್ಚಲ್ಲ. 1890ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಬಿದಿರು ಸೈಕಲ್ ಮಾರಾಟಕ್ಕಿತ್ತು, ಆಮೇಲೆ ಉಕ್ಕು ಅದನ್ನು ಮೂಲೆಗೆ ತಳ್ಳಿತು. ನೂರು ವರ್ಷದ ಮೇಲೆ ಕ್ಯಾಲಿಫೋರ್ನಿಯಾದ ಕ್ರೇಗ್ ಕ್ಯಾಲ್ಫೀ ಎಂಬ ಸೈಕಲ್ ಕಟ್ಟುವವರು, ತಮ್ಮ ನಾಯಿ ಎಷ್ಟು ಕಚ್ಚಿದರೂ ಬಿದಿರಿನ ತುಂಡು ಮುರಿಯದ್ದನ್ನು ನೋಡಿ ಮತ್ತೆ ಕೈ ಹಾಕಿದರಂತೆ. ನಾಯಿಯ ಕತೆ ನನಗೆ ಬಹಳ ಹಿಡಿಸಿತು.

ಅಡಿಕೆ ಹೊರಲು ಹೆಡಿಗೆ ಬೇಕೆಂದು ನಾನು ಹೇಳಿಕಳಿಸಿದ್ದರಿಂದ ಮರುದಿನ ಬೆಳಿಗ್ಗೆ ಮೇದಾರ ಅಜ್ಜ ಬಂದ. ಹೆಡಿಗೆ ಇಳಿಸಿದವನೇ ಸೈಕಲ್ಲಿನ ಬಳಿ ಹೋಗಿ ಗೆಣ್ಣಿನಿಂದ ಗೆಣ್ಣಿಗೆ ಬೆರಳಲ್ಲಿ ಕುಟ್ಟುತ್ತ ಬಂದ.

"ಇದನ್ನ ಯಾವಾಗ ಕಡದದ್ದು, ಕೇಳು ತಂಗೀ."

ಅವಳಿಗೆ ಗೊತ್ತಿರಲಿಲ್ಲ. ಯಾವ ದೇಶದ ಬಿದಿರು ಎಂಬುದೂ ಗೊತ್ತಿಲ್ಲ. ಎಳೆಯದನ್ನು ಕಡಿದರೆ ಸುಕ್ಕುತ್ತದೆ, ಮೂರು ಮಳೆಗಾಲ ಕಂಡದ್ದಾಗಬೇಕು, ಮಳೆ ನಿಂತ ಮೇಲೆ ಅಮಾವಾಸ್ಯೆ ಕಡೆಗೆ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ ಎಂದು ಅಜ್ಜ ಹೇಳುತ್ತ ಹೋದ, ನಾನು ನನ್ನ ಇಂಗ್ಲಿಷಿನಲ್ಲಿ ದಾಟಿಸುತ್ತ ಹೋದೆ. ಕುಟ್ಟೆ ಹುಳಕ್ಕೆ ಬೇಕಾದದ್ದು ಬಿದಿರೊಳಗಿನ ಪಿಷ್ಟ. ಅದಕ್ಕೇ ಕಡಿದದ್ದನ್ನು ಕೆಲವು ವಾರ ಹೊಳೆಯಲ್ಲಿ ನೆನೆಹಾಕುವುದು. ಆ ಹುಡುಗಿ ಪುಸ್ತಕ ತೆಗೆದು ಬರೆದುಕೊಂಡಳು. ಅಜ್ಜ ಬೆಲೆ ಕೇಳಿದ. ಅವಳು ಹೇಳಿದ ಯೂರೋವನ್ನು ರೂಪಾಯಿ ಮಾಡಿ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಬೆರಳು ಮಡಿಸಿ ಬಿಟ್ಟುಬಿಟ್ಟ.

"ಹೆಡಿಗೆ ಲೆಕ್ಕದಲ್ಲಿ ನೋಡಿದೆ. ಅಷ್ಟು ಬೆರಳಿಲ್ಲ."

ನಾವೂ ಒಂದು ಕಟ್ಟೋಣ ಎಂದು ನಮ್ಮವರಿಗೆ ಹೊಳೆದದ್ದು ಅವರು ಹೋದ ಮೇಲೆ. ಅಜ್ಜ ಒಪ್ಪಿದ. ಪಿಯುಸಿ ಓದುವ ಅವನ ಮೊಮ್ಮಗಳು ಕೋನದ ಲೆಕ್ಕ ಹಾಕಿಕೊಡುತ್ತೇನೆ ಎಂದಳು. ಘಾನಾದಲ್ಲಿ ಹೆಣ್ಣುಮಕ್ಕಳು ಇಂಥ ಸೈಕಲ್ ಕಟ್ಟಿ ಹೊರದೇಶಕ್ಕೆ ಕಳಿಸುವುದನ್ನು ಫೋನಿನಲ್ಲಿ ನೋಡಿದ್ದಳಂತೆ. ಒಪ್ಪದವನು ಅವಳ ಅಪ್ಪ, ಶಿರಸಿಯಲ್ಲಿ ಟೆಂಪೋ ಓಡಿಸುವವನು. "ಅಕ್ಕೋರೆ, ಶಾಲೇಲಿ ನನ್ನನ್ನ ಬುಟ್ಟಿ ಅಂತಲೇ ಕರೀತಿದ್ರು. ಅವಳು ಬಿದಿರು ಮುಟ್ಟೋದು ಬೇಡ ಅಂತಲೇ ನಾನು ಓದಿಸ್ತಾ ಇರೋದು" ಎಂದ. ಬರ್ಲಿನ್ನಿನಲ್ಲಿ ಕಲೆ ಎನಿಸಿಕೊಂಡದ್ದು ಅವನ ಪಾಲಿಗೆ ಅಡ್ಡಹೆಸರು. ನಾನು ವಾದಿಸಲು ಹೋಗಲಿಲ್ಲ.

ಅವನ ಕಹಿಗೆ ಹಳೆಯ ಬೇರುಗಳೂ ಇವೆ. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ನಮ್ಮ ಕಾಡುಗಳ ಬಿದಿರನ್ನು ಅಧ್ಯಯನ ಮಾಡಿದಾಗ, ಸರ್ಕಾರ ಕಾಗದ ಕಾರ್ಖಾನೆಗೆ ಅದನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಡುತ್ತ ಬಂದಿತ್ತು. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡಬೇಕಾದದ್ದು ಅದರ ನೂರಾರು ಪಟ್ಟು. ಹಿಂಡಿನ ಬುಡದ ಮುಳ್ಳು ಸವರಿದರೆ ಬಿದಿರು ಚೆನ್ನಾಗಿ ಬರುತ್ತದೆ ಎಂದು ಇಲಾಖೆ ನಂಬಿತ್ತು. ಮುಳ್ಳು ಹೋದರೆ ಕಳಲೆಯನ್ನು ದನ, ಮುಳ್ಳುಹಂದಿ ತಿಂದು ಮುಗಿಸುತ್ತವೆ ಎಂದವರು ಹಳ್ಳಿಯವರು. ಗಾಡ್ಗೀಳರು ನೋಡಿದಾಗ ಹಳ್ಳಿಯವರ ಮಾತೇ ನಿಜವಾಗಿತ್ತು.

ದೀಪಾವಳಿ ಅಮಾವಾಸ್ಯೆಯ ಹಿಂದುಮುಂದೆ ನಮ್ಮ ಬೇಲಿಯ ಗಟ್ಟಿ ಬಿದಿರಿನ ಹಿಂಡಿನಿಂದ ಅಜ್ಜ ಹನ್ನೆರಡು ಗಳ ಆರಿಸಿ ಕಡಿದ. ಹೊಳೆಯಿಂದ ಎತ್ತಿದ ಮೇಲೆ ಅವು ಬಚ್ಚಲ ಒಲೆಯ ಮೇಲಿನ ಅಟ್ಟ ಸೇರಿವೆ. ನಮ್ಮವರು ಹಳೆಯ ಸೈಕಲ್ಲೊಂದರ ಲೋಹದ ಭಾಗಗಳನ್ನು ಕೊಯ್ದಿಟ್ಟಿದ್ದಾರೆ. ಮೊಮ್ಮಗಳು ಭಾನುವಾರ ಬಂದು ಒಂದೊಂದು ಗಳದ ತೂಕ ನೋಡಿ ಬರೆದಿಡುತ್ತಾಳೆ. ತೂಕ ಇಳಿಯುವುದು ನಿಂತರೆ ಒಣಗಿತು ಎಂದರ್ಥ. ಇನ್ನೂ ನಿಂತಿಲ್ಲ.

ಹೋದ ವಾರ ಅವಳನ್ನು ಕರೆದೊಯ್ಯಲು ಅಪ್ಪ ಟೆಂಪೋ ತಂದಿದ್ದ. ಚಾ ಬೇಡವೆಂದ. ಬಚ್ಚಲ ಬಾಗಿಲಲ್ಲಿ ನಿಂತು ಅಟ್ಟ ನೋಡಿದ, ಕೈ ಎತ್ತಿ ಒಂದೆರಡು ಗಳ ಕುಟ್ಟಿದ. ಕೊನೆಯ ಒಂದನ್ನು ಎಳೆದು ಒಲೆಯಿಂದ ದೂರ ಸರಿಸಿದ.

"ಇದಕ್ಕೆ ಬಿಸಿ ಜಾಸ್ತಿ ಆಗ್ತದೆ ಅಕ್ಕೋರೆ, ಬಿರೀತದೆ" ಎಂದವನೇ ಹೋಗಿ ಟೆಂಪೋ ಚಾಲೂ ಮಾಡಿದ.